ಹೆಡಿಗೆ ಲೆಕ್ಕ

ಪೆರ್ಲದಿಂದ ಆಚೆ, ಟಾರು ಮುಗಿದಲ್ಲಿ ಜೀಪು ನಿಂತಿತು.
ಕಾಲೇಜಿನವರು ಐವರು ಇಳಿದರು, ಐದು ವಿಭಾಗ, ನಾಲ್ಕು ದೇಶ.
ಆರನೆಯವಳು ನಾನು. ದಿನಕ್ಕೆ ಏಳುನೂರು,
ಬಾಯಿಗೆ ಬಾಡಿಗೆ.

ತುಳುವನ್ನು ಇಂಗ್ಲಿಷಿಗೆ ಸಾಗಿಸುವುದು ನನ್ನ ಕೆಲಸ.
ನಡುವೆ ಕನ್ನಡದಲ್ಲಿ ಒಮ್ಮೆ ಹೊರೆ ಇಳಿಸಿ
ಬೆವರು ಒರೆಸಿಕೊಳ್ಳುತ್ತೇನೆ,
ಯಾರಿಗೂ ಕಾಣುವುದಿಲ್ಲ.

ಗೇರುಗುಡ್ಡೆಯ ಪಕ್ಕೆಯಲ್ಲಿ ಸುರಂಗದ ಬಾಯಿ,
ಬಗ್ಗಿದವರನ್ನು ಮಾತ್ರ ಒಳಗೆ ಬಿಡುವಂಥದ್ದು.
ಮಾರ್ಟಾ ಮುರಕಲ್ಲಿನ ಚೂರು ಚೀಲಕ್ಕೆ ಹಾಕಿ ತಾರೀಕು ಬರೆದಳು.
ನೀರಿನ ಇಫೆಯೋಮಾ ಆರು ಬಾಟಲಿ ತುಂಬಿದಳು.
ಬಾವಲಿಯ ಹುಡುಗ, ಮಣಿಪುರದವನು,
ಕಿವಿಗೆ ಕೇಳದ ಕೂಗನ್ನು ಪೆಟ್ಟಿಗೆಯಲ್ಲಿ ಹಿಡಿದು
ನಮಗೆಲ್ಲ ತೋರಿಸಿದ: ಬರೀ ಗೆರೆ.
ಉಪ್ಪಳದ ರುಖಿಯಾ ಪದ ಹೆಕ್ಕುತ್ತಿದ್ದಳು,
'ಶೇಡಿಮಣ್ಣು' ಸಿಕ್ಕಾಗ ಬಾಯಿ ತುಂಬ ನಕ್ಕಳು.
ತೋಡುವವರೂ ಹಾಗೇ ನಗುತ್ತಿದ್ದರಂತೆ,
ಶೇಡಿ ಬಂತೆಂದರೆ ನೀರು ಇನ್ನೆರಡೇ ಕೋಲು.

ತುಕ್ರು ಜಗಲಿಯಲ್ಲಿ ಕೂತು ಎಲ್ಲರನ್ನೂ ನೋಡಿದಳು.
ತೋಡಿದ್ದು ಗಂಡ, ಚನಿಯ.
ಮಣ್ಣು ಹೊತ್ತದ್ದು ಇವಳು.

ಧಣಿಯ ಮನೆಯ ಪುಸ್ತಕವನ್ನೆಲ್ಲ ಗೆದ್ದಲು ತಿಂದಿದೆಯೆಂದು
ಮೊಮ್ಮಗ ನಿನ್ನೆಯೇ ಹೇಳಿದ್ದ.
ದಾಖಲೆ ಇಲ್ಲ, ಎಂದು ಐವರೂ ಬರೆದುಕೊಂಡಿದ್ದರು.

ಪ್ರಶ್ನೆ ಹದಿನಾಲ್ಕು: ತೆಗೆದ ಮಣ್ಣು ಅಂದಾಜು ಎಷ್ಟು?
ಅ, ಆ, ಇ; ಕೊನೆಯದು 'ಗೊತ್ತಿಲ್ಲ'.
ತುಕ್ರು ಎದ್ದು ಒಳಗೆ ಹೋದಳು,
ಹಾರ್ಲಿಕ್ಸಿನ ಹಳೇ ಬಾಟಲಿ ತಂದು ಮಡಿಲಿಗೆ ಸುರಿದಳು.
ಮಂಜೊಟ್ಟಿ.
ಕೆಂಪಗೆ, ಒಂದಾದರೂ ಮಾಸಿಲ್ಲ.

"ಇಪ್ಪತ್ತು ಹೆಡಿಗೆಗೆ ಒಂದು ಬೀಜ. ಕೂಲಿ ಹೆಡಿಗೆ ಲೆಕ್ಕ.
ಬರೆಯುತ್ತಿದ್ದವನು ಧಣಿಯ ರೈಟರು.
ನನಗೆ ಓದಲು ಬಾರದು,
ಅವನಿಗೆ ಎಣಿಸಲು ಬಾರದು."

ನಕ್ಕರು. ಆ ದಿನ ಒಂದೇ ಒಂದು ಮಾತು
ದಾರಿಯಲ್ಲಿ ಚೆಲ್ಲದೆ ತಲುಪಿತ್ತು.

ಲೆಕ್ಕದ ನುನೊ ನಗಲಿಲ್ಲ. ಬೀಜ ಎಣಿಸಿದ: ಇನ್ನೂರ ಎಂಬತ್ತೊಂಬತ್ತು.
ಅವಳದೇ ಹೆಡಿಗೆ ತುಂಬಿಸಿ ಅಳೆದ,
ಲೇಸರು ಹೇಳಿದ್ದನ್ನು ಅದರಿಂದ ಭಾಗಿಸಿದ.
ಇನ್ನೂರ ಎಂಬತ್ತೈದು ಬರಬೇಕಿತ್ತು.
"ನಾಲ್ಕೇ ಬೀಜ ಹೆಚ್ಚು, ಎಂಬತ್ತು ಹೆಡಿಗೆ.
ನಲವತ್ತು ವರ್ಷಕ್ಕೆ ತೀರ ಸಣ್ಣ ದೋಷ" ಎಂದ,
ಮೆಚ್ಚುಗೆಯಿಂದಲೇ.

ದೋಷವನ್ನು ತುಳುವಿಗೆ ಹೇಗೆ ಹೊರಲಿ?
ಅಲ್ಲಿ ಅದು ನಾಗನದು, ಗ್ರಹದ್ದು,
ಸದ್ಗತಿ ಸಿಗದವರದು.
ಬೇರೆ ಶಬ್ದ ಹೊಳೆಯಲಿಲ್ಲ. ಅದನ್ನೇ ಅವಳ ಮುಂದೆ ಇಟ್ಟೆ.

ತುಕ್ರು ನಾಲ್ಕು ಬೀಜ ಬೇರೆ ಮಾಡಿದಳು,
ಯಾವ ನಾಲ್ಕೆಂದು ಬೆರಳಿಗೆ ಗೊತ್ತಿರುವಂತೆ.

"ಪತ್ತನಾಜೆ ಕಳೆದು ಮಾರನೇ ದಿನ, ಮೊದಲ ಮಳೆ.
ಗುಡ್ಡೆ ಜಾರಿ ಬಾಯಿ ಮುಚ್ಚಿತು. ಚನಿಯ ಒಳಗೆ,
ಒಂದು ಮೇಣದಬತ್ತಿ, ಅದೂ ಅರ್ಧ.
ಆ ಮಣ್ಣು ಸುರಂಗದ್ದಲ್ಲ, ಮೇಲಿನದ್ದು.
ಅದನ್ನೂ ನಾನೇ ಹೊತ್ತೆ, ಎಣಿಸುತ್ತ ಹೊತ್ತೆ.
ಎಣಿಸದಿದ್ದರೆ ಬೊಬ್ಬೆ ಹೊಡೆಯುತ್ತಿದ್ದೆ.
ರೈಟರು ಅದಕ್ಕೆ ಕೂಲಿ ಬರೆಯಲಿಲ್ಲ."

ಚನಿಯ ಬದುಕಿ ಬಂದನೇ ಎಂಬ ಪ್ರಶ್ನೆ
ಹದಿನೈದರಲ್ಲಿ ಇರಲಿಲ್ಲ, ಹದಿನಾರರಲ್ಲೂ.
ನನ್ನ ಬಾಯಿ ಬಾಡಿಗೆಯದು,
ಸ್ವಂತಕ್ಕೆ ಕೇಳುವಂತಿರಲಿಲ್ಲ.
ನುನೊ ಮಾತ್ರ 'ದೋಷ' ಎಂದು ಬರೆದಿದ್ದನ್ನು ಹೊಡೆದು ಹಾಕಿ
ಬೇರೇನು ಬರೆಯಬೇಕೆಂದು ತಿಳಿಯದೆ
ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ಕೂತ.

ಹೊರಡುವಾಗ ಮಾರ್ಟಾ ಒಂದು ಬೀಜ ಕೇಳಿದಳು,
ಒಂದೇ ಒಂದು, ಪ್ರಯೋಗಾಲಯಕ್ಕೆ.
ತುಕ್ರು ಬಾಟಲಿಯ ಮುಚ್ಚಳ ತಿರುಗಿಸಿದಳು:
"ಒಂದು ಕೊಟ್ಟರೆ
ಇಪ್ಪತ್ತು ಹೆಡಿಗೆ ಮಣ್ಣು ಮತ್ತೆ ಒಳಗೆ ಬೀಳುತ್ತದೆ."

ಅದನ್ನು ನಾನು ಆಚೆ ದಾಟಿಸಲಿಲ್ಲ.
ಆಗುವುದಿಲ್ಲವಂತೆ, ಎಂದಷ್ಟೇ ಹೇಳಿ
ಜೀಪಿನ ಹಿಂದಿನ ಸೀಟಿನಲ್ಲಿ, ನೀರಿನ ಬಾಟಲಿಗಳ ನಡುವೆ
ಜಾಗ ಮಾಡಿಕೊಂಡೆ.