ಐದು ಮೇಲೆ

ತೋರಾಳ ರೇಡಿಯೊ ಇರುವುದು ಕುರಿಮಾಂಸ ಒಣಹಾಕುವ ಗುಡಿಸಲಲ್ಲಿ.
ಹಲಗೆ ಸಂದಿಯ ಗಾಳಿ ಮಾಂಸಕ್ಕೆ ಬೇಕು, ತೋರಾಳಿಗೆ ಬೇಡ.
ಎರಡು ಸ್ವೆಟರು, ಒಂದು ಟೋಪಿ,
ಟೋಪಿಯ ಮೇಲೆ ಹೆಡ್‌ಫೋನು.
ಹೊರಗೆ ಫೆಬ್ರುವರಿ, ಫಾರೋ ದ್ವೀಪದ ಕತ್ತಲು,
ಆಂಟೆನಾ ಕಂಬಕ್ಕೆ ಮೈ ಉಜ್ಜುವ ಒಂದು ಟಗರು.
ಅದು ಉಜ್ಜಿದಾಗೆಲ್ಲ ಮೀಟರಿನ ಮುಳ್ಳು
ಸಣ್ಣಗೆ ನಡುಗುತ್ತದೆ.

ದಕ್ಷಿಣದ ಕಡಲಲ್ಲಿ, ಹೆಸರಿಗಷ್ಟೇ ನೆಲ ಎನ್ನಬಹುದಾದ ಬಂಡೆಯ ಮೇಲೆ
ಯಾರೋ ಡೇರೆ ಹೊಡೆದು ಕೂತಿದ್ದಾರೆ, ಹತ್ತೇ ದಿನಕ್ಕೆ.
ಏಳು ಸಾವಿರದ ಐದರಲ್ಲಿ ನುಡಿಯುತ್ತಾರೆ,
ಅದಕ್ಕಿಂತ ಐದು ಮೇಲೆ ಕಿವಿ ಇಟ್ಟಿದ್ದಾರೆ.
ಬೇಡುವುದಕ್ಕೂ ಆಲಿಸುವುದಕ್ಕೂ
ನನ್ನ ನುಡಿಯಲ್ಲಿ ಒಂದೇ ಪದ: ಕೇಳು.
ಅಲ್ಲಿ ಅದನ್ನು ಎರಡಾಗಿ ಸೀಳಿ
ನಡುವೆ ಐದು ಕಿಲೋಹರ್ಟ್ಸ್ ಬೇಲಿ ಹಾಕಿದ್ದಾರೆ,
ಬಂಡೆಯ ದನಿ ಎಲ್ಲರಿಗೂ ಸಿಗಲೆಂದು.

ದಿನವಿಡೀ ಮೀನು ಸೀಳಿ ಮರಗಟ್ಟಿದ ಬೆರಳು
ಒಂದು ಗುಂಡಿ ಒತ್ತಲು ಮರೆಯಿತು.
ತೋರಾ ತನ್ನ ಕರೆಸಂಕೇತ ಬಡಿದಳು,
ಬಂಡೆಯ ಬಾಯಿಯ ಮೇಲೇ.

ಎದ್ದರು ಊರ ಯಜಮಾನರು:
ಅಪ್! ಅಪ್! ಅಪ್!
ಡಿಡಿಡಾ ಡಿಡಾಡಾಡಿ, ಐವತ್ತು ಕಡೆಯಿಂದ.
ಒಬ್ಬ ‘ಮುಚ್ಚಳ’ ಎಂದ; ಅವರ ಬೈಗುಳದಲ್ಲಿ ದಡ್ಡರಿಗೆ ಆ ಹೆಸರು.
ಅವನಿಗೆ ಸುಮ್ಮನಿರು ಎಂದ ಇನ್ನೊಬ್ಬ,
ಅದೇ ಜಾಗದಲ್ಲಿ, ಇನ್ನೂ ಜೋರಾಗಿ.
ಅವಳ ತಪ್ಪು ಎರಡು ಸೆಕೆಂಡಿನದು.
ತಿದ್ದುಪಡಿ ನಾಲ್ಕು ನಿಮಿಷ ನಡೆಯಿತು.
ಅಷ್ಟರಲ್ಲಿ ಅರ್ಜೆಂಟೀನಾದ ಯಾರೋ ಒಬ್ಬ
ತನಗೇ ಬಂದ ಉತ್ತರ ಕೇಳಿಸಿಕೊಳ್ಳಲಾರದೆ ಹೋದ.

ಹಿಂದಿನ ಚಳಿಗಾಲ ತಾನೂ ಅಪ್ ಅಪ್ ಬಡಿದದ್ದು ನೆನಪಾಯಿತು,
ಗುಂಡಿ ಮರೆತ ಯಾರದೋ ಮೇಲೆ.
ದೋಣಿಯ ಎಂಜಿನ್ ನೋಡಿಕೊಳ್ಳುವ ಬಾರ್ದೂರ್
ಐವತ್ತೆರಡರ ಅವಳನ್ನು ಹುಡುಗಿ ಎನ್ನುತ್ತಾನೆ:
‘ಸುಮ್ಮನಿರುವುದಕ್ಕೂ ಲೈಸೆನ್ಸ್ ಬೇಕು, ಹುಡುಗಿ.
ಅದೊಂದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ.’

ಕೈಯನ್ನು ತೊಡೆಯಡಿ ಇಟ್ಟು ಕೂತಳು.
ಬಂಡೆ ಮತ್ತೆ ನುಡಿಯಿತು, ಕೋಪವಿಲ್ಲದ ಕೈ, ಅದೇ ನಡಿಗೆ:
ಎಲ್ ಯು ಎಂಟು, ಮುಂದೇನು?
ಯೂರೋಪೆಲ್ಲ ತಾನೇ ಎಲ್ ಯು ಎಂಟು ಎಂಬಂತೆ ಮುಗಿಬಿತ್ತು.
ತೋರಾ ಅಲ್ಲ; ಅದಕ್ಕೇ ಮುಟ್ಟಲಿಲ್ಲ.

ಕ್ಲಸ್ಟರ್ ಪರದೆಯಲ್ಲಿ ಯಾರೋ ಬಂಡೆಯ ಹೆಸರನ್ನೇ ತಪ್ಪಾಗಿ ಹಾಕಿದ್ದರು.
ಅದರ ಕೆಳಗೆ ನಾಲ್ಕು ಜನ: ಕಿವುಡರು, ನನ್ನನ್ನು ಕೇಳುತ್ತಲೇ ಇಲ್ಲ.
ಅವಳು ಎರಡು ಸಲ ಕಿವಿಯಾರೆ ಕೇಳಿ
ಒಂದು ಸಾಲು ಹಾಕಿದಳು: ಸರಿ ಹೆಸರು, ಜಾಗ, ಐದು ಮೇಲೆ.
ದೂರಿಲ್ಲ. ನಮಸ್ಕಾರವೂ ಇಲ್ಲ.

ನಾಲ್ಕೂವರೆಗೆ ಗುಂಡಿ ಒತ್ತಿ,
ಒತ್ತಿದ್ದನ್ನು ಬೆರಳಿಟ್ಟು ಮತ್ತೆ ನೋಡಿ,
ಬಂಡೆ ಕೊನೆಗೆ ಕಿವಿಗೊಟ್ಟ ಜಾಗದಿಂದ ತುಸು ಸರಿದು
ಒಂದೇ ಸಲ ಕರೆದಳು.
ಉತ್ತರ ಬಂತು. ಕೊನೆಯ ಅಕ್ಷರ ಅವಳದಲ್ಲ.
ತಾನೇ ಇರಬೇಕು. ಇರಲಾರದು.
ಹೆಸರು ಮತ್ತೆ ಕಳಿಸಿದಳು; ಟಗರು ಕಂಬಕ್ಕೆ ಒರಗಿತು, ಮುಳ್ಳು ನಡುಗಿತು.
ಅಲ್ಲಿ ಸೂರ್ಯ ಹುಟ್ಟಿರಬೇಕು,
ದನಿ ಕರಗಿತು.

ಕಾರ್ಖಾನೆಯ ಬಸ್ಸು ಐದೂಕಾಲಿಗೆ.
ಲಾಗ್ ಪುಸ್ತಕದಲ್ಲಿ ಸಮಯ ಬರೆದಳು, ಪೆನ್ನಿನಲ್ಲಿ.
ಬಂಡೆಯ ಹೆಸರು ಪೆನ್ಸಿಲಿನಲ್ಲಿ.