ಬೋರಲಿಂಗಣ್ಣನ ಫ್ಲಾಶು

ಗುತ್ತಲು ರಸ್ತೆ, ಇನಾಯತ್ ಸಾಬರ ಅಂಗಡಿ.
ಹೊಟ್ಟೆ ಬಿಚ್ಚಿ ಮಲಗಿದ ಮಿಕ್ಸಿಗಳ ನಡುವೆ
ಹಳೇ ಟವೆಲಿನಲ್ಲಿ ಸುತ್ತಿ ತಂದದ್ದನ್ನು ಇಟ್ಟೆ.
ಸ್ಟುಡಿಯೊ ಮುಚ್ಚುವ ದಿನ ಬೋರಲಿಂಗಣ್ಣ ಕೊಟ್ಟದ್ದು:
‘ಮಂಡ್ಯದ ಅರ್ಧ ಮದ್ವೆ ಇದರ ಬೆಳಕಲ್ಲೇ ಆಗಿರೋದು, ಮಡಿಕ್ಕೊ.’

ನನ್ನ ಅವ್ವನದೂ ಆಗಿದೆ.
ಆಲ್ಬಮ್ಮಿನ ಮೂರನೇ ಹಾಳೆ, ಧಾರೆಯ ಪಟ:
ಅಪ್ಪ ನೆಟ್ಟಗೆ ನೋಡುತ್ತಿದ್ದಾನೆ,
ಅವ್ವನ ಕಣ್ಣು ಮುಚ್ಚಿದೆ.

ಹೊಸ ಕ್ಯಾಮೆರಾ ಕಂತಿನದು, ಇನ್ನೂ ಏಳು ತಿಂಗಳಿದೆ.
ಅದರ ನೆತ್ತಿಗೆ ಇದನ್ನು ಜಾರಿಸಲು ಹೋದೆ.
‘ತಡಿ ತಾಯಿ’ ಅಂದು ಸಾಬರು ಕೈ ಅಡ್ಡ ಇಟ್ಟರು.

ನಾಲ್ಕು ಸೆಲ್ಲು ತುಂಬಿ ಗುಂಡಿ ಒತ್ತಿದರು.
ಸೊಳ್ಳೆಯ ಹಾಗೆ ಸಣ್ಣಗೆ ಶುರುವಾದ ದನಿ
ಏರಿ ಏರಿ ಕಿವಿಗೆ ನಿಲುಕದಷ್ಟು ಮೇಲೆ ಹೋಗಿ
ಬೆನ್ನಿನ ಕೆಂಪು ದೀಪ ಹತ್ತಿತು.
ಮೀಟರಿನ ಒಂದು ಮೊನೆ ಬುಡದ ನಡುಚುಕ್ಕೆಗೆ,
ಇನ್ನೊಂದು ಪಕ್ಕದ ತಗಡಿಗೆ.
ನೂರೆಂಬತ್ತು. ಇನ್ನೂರ ಹನ್ನೊಂದು.
ಇನ್ನೂರ ಮೂವತ್ತೇಳಕ್ಕೆ ನಿಂತಿತು.
‘ನಿನ್ನ ಕ್ಯಾಮೆರಾ ಎಷ್ಟು ವೋಲ್ಟು ತಡೀತದೆ?’
ಕೈಪಿಡಿಯಲ್ಲಿ ಬರೆದದ್ದು: ಆರು.

‘ಆಗಿನವಕ್ಕೆ ಒಳಗೆ ಎರಡು ಹಿತ್ತಾಳೆ ನಾಲಿಗೆ,
ಏನು ಬಂದರೂ ನುಂಗಿಕೊಳ್ಳೋವು.
ಇದರೊಳಗೆ ಕೂತಿರೋದು ರಾಗಿ ಕಾಳಿನಷ್ಟು ಚಿಪ್.
ಮೊದಲನೇ ಪಟಕ್ಕೆ ಸುಡದೇ ಇರಬಹುದು,
ನೂರನೇದಕ್ಕೆ ಸುಡಬಹುದು.
ಮುಹೂರ್ತ ನೋಡಿ ಸುಡ್ತದಾ ಅದು?’

ಬಿಚ್ಚಿ ವೋಲ್ಟು ಇಳಿಸಿ ಅಂದೆ.
ಹೆಬ್ಬೆರಳು ತೋರಿದರು: ಉಗುರಿನ ಪಕ್ಕ
ಹುರುಳಿಯಷ್ಟು ಬೆಳ್ಳಗೆ ಸತ್ತ ಚರ್ಮ.
‘ಸೆಲ್ ತೆಗೆದ ಮೇಲೂ ಕೆಪಾಸಿಟರಿಗೆ ನೆನಪಿರ್ತದೆ.
ಗೊತ್ತಿದ್ದ ನನಗೇ ಹೊಡೀತು. ನೀನು ಸ್ಕ್ರೂ ಮುಟ್ಟಬೇಡ.’

ಹಾಗಂತ ಗುಜರಿಗೆ ಹಾಕು ಅನ್ನಲಿಲ್ಲ.
ಡಬ್ಬ ತಡಕಿ, ಗುಂಡಿಯಂಥ ಒಂದು ಸ್ಲೇವ್ ಕಣ್ಣು ತೆಗೆದು
ಅದರ ಬುಡಕ್ಕೆ ಕೂರಿಸಿದರು. ತಂತಿಯಿಲ್ಲ, ನಂಟಿಲ್ಲ.
ಕ್ಯಾಮೆರಾದ ಪುಟ್ಟ ಫ್ಲಾಶು ಮಿಂಚಿದರೆ
ದೂರದಿಂದಲೇ ಕಂಡು ಇದೂ ಮಿಂಚುತ್ತದೆ.
‘ಮ್ಯಾನ್ಯುವಲ್‌ನಲ್ಲಿ ಇಡು. ಇಲ್ಲಾಂದ್ರೆ ನಿನ್ನ ಕ್ಯಾಮೆರಾ
ಮೊದಲು ಒಂದು ಸುಳ್ಳು ಮಿಂಚು ಬಿಡ್ತದೆ,
ಮುದುಕ ಅದನ್ನೇ ನಂಬಿ ಖಾಲಿಯಾಗ್ತಾನೆ.
ಹತ್ತು ವರ್ಷ ಮಲಗಿದ್ದಾನೆ,
ಇವತ್ತೇ ಮದ್ವೆಗೆ ಎಳಕೊಂಡು ಹೋಗಬೇಡ.
ತುಂಬು, ಹೊಡಿ, ಸುಮ್ಮನೆ ಬಿಡು. ನಾಳೆ ಮತ್ತೆ.’

ಅಳತೆಗೆ ಇಪ್ಪತ್ತು, ಕಣ್ಣಿಗೆ ನೂರೈವತ್ತು.
ಬೆನ್ನಿಗೆ ಬಿಳಿ ಟೇಪು ಅಂಟಿಸಿ ಬರೆದರು:
೨೩೭. ತಲೆ ಮೇಲೆ ಬೇಡ.

ನಾಲ್ಕನೇ ಸಂಜೆ, ಅಡುಗೆಮನೆ.
ಗ್ರೈಂಡರಿನ ಮೇಲೆ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ
ಅವರೆಕಾಳು ಹಿತುಕುತ್ತಿದ್ದ ಅವ್ವನನ್ನು ಕರೆದೆ.
ಸುಣ್ಣದ ಗೋಡೆ ಒಮ್ಮೆ ಹಗಲಾಯಿತು.
ಪರದೆಯಲ್ಲಿ: ಬೆರಳ ಸಂದಿಯಿಂದ ಜಾರುತ್ತಿರುವ ಒಂದು ಕಾಳು,
ಅದರ ತೇವ,
ಅವ್ವನ ತೆರೆದ ಕಣ್ಣು.

‘ನೋಡು, ಈ ಸಲ ಮುಚ್ಚಲಿಲ್ಲ’ ಅಂದೆ.

‘ಅವತ್ತು ನಿದ್ದೆ ಕಣೇ’ ಅಂದಳು, ಇನ್ನೊಂದು ಕಾಳು ಹಿತುಕುತ್ತಾ.
‘ಮೂರು ರಾತ್ರಿ ಮಲಗಿರಲಿಲ್ಲ.
ಬೆಳಕು ಬಂದದ್ದೇ ಗೊತ್ತಿಲ್ಲ.’