ಎರವಲು ಮೂಗು

ಸೆತೂಬಲ್‌ನ ಮೀನುಕಟ್ಟೆಯಲ್ಲಿ ಮೂವತ್ತು ವರುಷ
ಬಂಗಡೆ, ಬೂತಾಯಿ ಕೂಗಿ ಮಾರಿದವಳು ನಾನು.
ಕಂಡವರ ವಿಷಯದಲ್ಲಿ ಮೂಗು ತೂರಿಸಬೇಡವೆಂದು
ಗಂಡ ಸಾಯುವತನಕ ಹೇಳುತ್ತಿದ್ದ.
ಈಗ ನೋಡಿ, ಮಂಗಳವಾರ ಮಧ್ಯಾಹ್ನವಾದರೆ
ಮೂಗು ತೂರಿಸುವುದಕ್ಕೆಂದೇ ಕರೆಯುತ್ತಾಳೆ
ಕೆಳಗಿನ ಮನೆಯ ದಿಯೊಲಿಂದ.

ಎರಡು ಚಳಿಗಾಲದ ಹಿಂದಿನ ಜ್ವರ
ವಾಸನೆಯನ್ನು ಅವಳ ಮೂಗಿನಿಂದ ಎತ್ತಿಕೊಂಡು ಹೋಯಿತು,
ಬಾಡಿಗೆ ಬಾಕಿಯಿಟ್ಟು ರಾತ್ರೋರಾತ್ರಿ
ಮನೆ ಖಾಲಿ ಮಾಡುವವರ ಹಾಗೆ.
ಸೀದ ರೊಟ್ಟಿ ತಿಳಿಯದು, ಒಡೆದ ಹಾಲು ತಿಳಿಯದು,
ಗ್ಯಾಸಿನ ತಿರುಪನ್ನು ದಿನಕ್ಕೆ ಐದು ಸಲ ಮುಟ್ಟಿ ನೋಡುತ್ತಾಳೆ.
ಬತ್ತಿ ಮಾಡುವುದನ್ನು ಮಾತ್ರ ಬಿಟ್ಟಿಲ್ಲ.
ಅದೂ ಎಂಥದು, ಪರಿಮಳದ ಮೇಣದಬತ್ತಿ!
ನಕ್ಕವರಿದ್ದಾರೆ.
ನಾನೂ ಒಬ್ಬಳು.

ಡಬ್ಬಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರುಷ
ಬಾಲ ಆಚೆ, ಬಾಲ ಈಚೆ ಎಂದು
ಬೂತಾಯಿ ಮಲಗಿಸಿದ ಬೆರಳು ಅವಳದು.
ಕಾರ್ಖಾನೆ ಮುಚ್ಚಿದ ದಿನ ಸಂಬಳದ ಬಾಕಿಗೆಂದು
ಮುಚ್ಚಳವಿಲ್ಲದ ಡಬ್ಬಿ ಕೊಟ್ಟರು, ನಾಲ್ಕು ಮೂಟೆ.
ಅವೇ ಈಗ ಬತ್ತಿಯ ಮನೆ.

ಬಿಸಿನೀರಿನ ಮೇಲೆ ಪಾತ್ರೆ, ಪಾತ್ರೆಯಲ್ಲಿ ಸೋಯಾ ಮೇಣ.
ಮೊಸರಾಗಿ, ಮಜ್ಜಿಗೆಯಾಗಿ, ಕಡೆಗೆ ಎಣ್ಣೆಯಾಗುತ್ತದೆ.
ಕೆಂಪು ಗೆರೆ ಅರವತ್ತೈದಕ್ಕೆ ಇಳಿಯುವತನಕ ಕಾಯಬೇಕು:
ಬಿಸಿ ಹೆಚ್ಚಾದರೆ ಪರಿಮಳ ಹಾರಿಹೋಗುತ್ತದೆ,
ಕಡಿಮೆಯಾದರೆ ಬೆರೆಯದೆ
ತಳದಲ್ಲಿ ಮುನಿಸಿಕೊಂಡು ಕೂರುತ್ತದೆ.
ನೂರು ಗ್ರಾಂ ಮೇಣಕ್ಕೆ ಎಂಟು ಗ್ರಾಂ ಕಿತ್ತಳೆ ಹೂವಿನ ಎಣ್ಣೆ.
ಎರಡು ನಿಮಿಷ ಕಲಕು. ಗುಳ್ಳೆ ಏಳಬಾರದು.
ಹುರಿ ನಟ್ಟನಡುವೆ ನಿಲ್ಲಲು
ಬಟ್ಟೆ ಒಣಹಾಕುವ ಕ್ಲಿಪ್ಪು.
ಹೊಯ್ಯುವಾಗ ಅವಳನ್ನು ಮಾತಾಡಿಸಬಾರದು.
ಒಮ್ಮೆ ಮಾತಾಡಿಸಿದ್ದೆ;
ಆ ಡಬ್ಬಿಯ ನಡುವೆ ಇಂದಿಗೂ ಒಂದು ಗುಳಿ.

ಮೇಣ, ಎಣ್ಣೆ ಒಂದನ್ನೊಂದು ಒಪ್ಪಿಕೊಳ್ಳಲು
ಹದಿನೈದು ದಿನ. ಆಮೇಲೆ ನನ್ನ ಸರದಿ.

"ಹೇಳು."
"ಚೆನ್ನಾಗಿದೆ" ಅಂದೆ ಮೊದಲ ಸಲ.
ಡಬ್ಬಿ ಕಿತ್ತುಕೊಂಡಳು.
"ಚೆನ್ನಾಗಿದೆ ಅನ್ನುವುದು ವಾಸನೆಯಲ್ಲ, ಝುಲ್ಮೀರ.
ಮೀನನ್ನೂ ಹೀಗೇ ಮಾರುತ್ತೀಯಾ?"

ಹೌದಲ್ಲ. ಮೀನಿಗೆ ನನ್ನ ಬಾಯಲ್ಲಿ ನೂರು ಮಾತು,
ಹೂವಿಗೆ ಒಂದೂ ಇಲ್ಲ.
ಅರವತ್ತೆರಡನೆಯ ವಯಸ್ಸಿನಲ್ಲಿ ಮೂಗಿಗೆ ಅಕ್ಷರಾಭ್ಯಾಸ.

ಇದು, ಹಚ್ಚುವ ಮೊದಲು, ಸಿಪ್ಪೆ ಸುಲಿದ ಉಗುರು;
ಹಚ್ಚಿದ ಮೇಲೆ, ಮದುವೆಯ ಮಾರನೆಯ ದಿನದ ಚರ್ಚು.
ಇದು ಅರಾಬಿದ ಬೆಟ್ಟದಲ್ಲಿ
ರೋಸ್‌ಮೇರಿ ತುಳಿದು ಮೇಕೆ ಓಡಿದ ದಾರಿ.
ಇದು ಸುಳ್ಳು. ಸೋಪಿನ ಅಂಗಡಿ. ಚೆಲ್ಲಿಬಿಡು.
ಇದರಲ್ಲಿ, ಬೇಜಾರು ಮಾಡಿಕೊಳ್ಳಬೇಡ ದಿಯೊಲಿಂದ,
ಕಿತ್ತಳೆಯ ಕೆಳಗೆ ಮೀನಿದೆ.

"ಡಬ್ಬಿಯದೋ, ನಿನ್ನ ಕೈಯದೋ?"

ಕೈ ಬೆನ್ನ ಹಿಂದೆ ಕಟ್ಟಿ ಮತ್ತೆ ಮೂಸಿದೆ.
ಈಗಲೂ ಗೊತ್ತಿಲ್ಲ.

ನಾನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು
ಡಬ್ಬಿಗೆ ಅಂಟಿಸುತ್ತಾಳೆ.
ಮೂಗಿಗಿಂತ ಮೂಗುತಿ ಭಾರ ಎಂದು ನಾನು ಗೊಣಗಿದರೂ
"ಮೇಕೆ ಓಡಿದ ದಾರಿ" ಈ ಬೇಸಿಗೆಯಲ್ಲಿ ಹದಿನಾಲ್ಕು ಹೋಯಿತು.
ನನ್ನ ಕೂಲಿ ಒಂದು ಲೋಟ ಕಾಫಿ,
ಅದೂ ಒಮ್ಮೊಮ್ಮೆ ಸೀದದ್ದು.

ಮೊನ್ನೆ ಮಂಗಳವಾರ ಚೀಟಿಯಿಲ್ಲದ ಡಬ್ಬಿ ತಂದಿಟ್ಟಳು.
ಯಾವ ಎಣ್ಣೆ, ಎಷ್ಟು ಗ್ರಾಂ, ಹೇಳಲಿಲ್ಲ.
ಹಚ್ಚಿದಳು.
ಕರಗಿದ ಮೇಣ ಮೆಲ್ಲಗೆ ಅಗಲವಾಗುತ್ತ
ಡಬ್ಬಿಯ ಅಂಚನ್ನು ಮುಟ್ಟಿತು.
ಅವಳು ಮೂಸುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದಳು.

ಮಾತು ಹುಡುಕಿದೆ.
ಮೀನಿನ ಮಾತಲ್ಲಿ ಇರಲಿಲ್ಲ,
ಹೊಸದಾಗಿ ಕಲಿತ ಮಾತಲ್ಲೂ ಇರಲಿಲ್ಲ.
ಸಾದು ನದಿಯ ಗಾಳಿ ಒಳಗೆ ಬರುತ್ತಿತ್ತು.
ಎದ್ದುಹೋಗಿ ಕಿಟಕಿ ಮುಚ್ಚಿದೆ.

ಅದನ್ನೇ ಬರೆದುಕೊಂಡಳು,
ತಾರೀಖು ಸಮೇತ.